ಅಖಾಡಕ್ಕೆ ಇಳಿಯದ ಹಾಡುಗಳು

ನಮ್ಮ ಕನ್ನಡ ಸಂಘದ ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಈ ಭಾಗದ ಇತಿಹಾಸವನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿಕೊಂಡಾಗ, ಪಾರಗಡ, ಗಂಧರ್ವಗಡಗಳಂಥ ಕೋಟೆಗಳ ವಿಷಯವಾಗಿ ಬರೆದರಾಯಿತೆಂದು ಮೊದಲು ಎಣಿಸಿದ್ದೆ. ಆದರೆ ಕೋಟೆಗಳ ಮೇಲೆ ಬರೆದವರು ಬಹಳ ಮಂದಿ ಇದ್ದಾರೆ. ಕಳೆದ ಗಣೇಶ ಚೌತಿಗೆ ಪುಣೆಯಿಂದ ಬಂದ ನನ್ನ ಮೊಮ್ಮಗನು ಆಡಿದ ಒಂದು ಮಾತು ನನ್ನ ಮನಸ್ಸನ್ನು ಬೇರೆ ದಾರಿಗೆ ಎಳೆಯಿತು. ಆ ದಾರಿಯಲ್ಲಿ ನನ್ನದೇ ಒಂದು ಹಳೆಯ ಸಾಲ ಬಾಕಿ ಉಳಿದಿದೆಯಾದ್ದರಿಂದ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹುಡುಗನು ಕಿವಿಗಳಿಗೆ ಬಿಳಿಯ ಗುಂಡಿಗಳನ್ನು ಸಿಕ್ಕಿಸಿಕೊಂಡು ಪಡಸಾಲೆಯಲ್ಲಿ ಕುಳಿತು ತಲೆದೂಗುತ್ತಿದ್ದನು. ಏನು ಕೇಳುತ್ತಿರುವೆ ಎಂದು ವಿಚಾರಿಸಿದೆ. "ಅಜ್ಜಾ, ಇದು ರ‍್ಯಾಪ್. ಇವ ಬದುಕಿದ್ದಾಗ ಈ ಹಾಡು ಹೊರಗ ಬಂದಿರಲಿಲ್ಲ. ಸತ್ತ ಮ್ಯಾಲ ಇವನ ತಾಯಿ ಎಲ್ಲಾ ಕೂಡಿಸಿ ಹೊರಗ ತಂದಾಳ" ಎಂದನು. ಹಾಡಿನ ಇಂಗ್ಲಿಷು ನನಗೆ ಅರ್ಧದಷ್ಟೂ ತಿಳಿಯಲಿಲ್ಲ. ಆದರೆ 'ಹೊರಗ ಬಂದಿರಲಿಲ್ಲ' ಎಂಬ ಮಾತು ಕಿವಿಯಲ್ಲಿ ಉಳಿಯಿತು. ಮೂವತ್ತಾರು ವರ್ಷ ಪಾಠ ಹೇಳಿದ ಅಭ್ಯಾಸ ಬಿಡಬೇಕಲ್ಲ. ಆ ಹಾಡಿಕೆಯ ಚರಿತ್ರೆಯನ್ನು ಅವನಿಂದಲೂ ಪುಸ್ತಕಗಳಿಂದಲೂ ತಿಳಿದುಕೊಂಡೆ.

ಹಿಪ್‌ಹಾಪ್ ಎಂಬ ಈ ಪದ್ಧತಿಯ ಹುಟ್ಟನ್ನು 1973ರ ಆಗಸ್ಟ್ 11ಕ್ಕೆ ಹೇಳುವ ವಾಡಿಕೆಯಿದೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡವರ ಭಾಗದಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೆಯ ಸಂಖ್ಯೆಯ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಯು ಶಾಲೆ ಆರಂಭವಾಗುವ ಮೊದಲು ಹೊಸ ಬಟ್ಟೆ ಕೊಳ್ಳಲು ಹಣ ಬೇಕೆಂದು ಒಂದು ಕೂಟ ಏರ್ಪಡಿಸಿದಳು. ಜಮೈಕಾ ದ್ವೀಪದಲ್ಲಿ ಹುಟ್ಟಿದ ಅವಳ ಅಣ್ಣ ಕ್ಲೈವ್, ಅಂದರೆ ಕೂಲ್ ಹರ್ಕ್, ಎರಡು ತಟ್ಟೆಗಳ ಮೇಲೆ ಒಂದೇ ಧ್ವನಿಮುದ್ರಿಕೆಯ ತಾಳದ ಭಾಗವನ್ನು ಮತ್ತೆ ಮತ್ತೆ ನುಡಿಸಿ ಜನರನ್ನು ಕುಣಿಸಿದನು. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಮಾತು ಪೋಣಿಸುವುದೇ ಮುಂದೆ ರ‍್ಯಾಪ್ ಎನಿಸಿತು. ಈ ಹಾಡಿಕೆಯನ್ನು ಊರೂರಿಗೆ ಮುಟ್ಟಿಸಿದ 'ರ‍್ಯಾಪರ್ಸ್ ಡಿಲೈಟ್' ಎಂಬ ಮುದ್ರಿಕೆ ಬಂದದ್ದು 1979ರಲ್ಲಿ. ನಡುವಿನ ಆರು ವರ್ಷ ಈ ಹಾಡುಗಳು ಓಣಿಯ ಕೂಟಗಳಲ್ಲಿ ಮತ್ತು ಕೈಯಿಂದ ಕೈಗೆ ದಾಟಿದ ಕ್ಯಾಸೆಟ್‌ಗಳಲ್ಲಿ ಬದುಕಿದವು. ಇಂದು ಕನ್ನಡದಲ್ಲಿಯೂ ಚಂದನ್ ಶೆಟ್ಟಿ, ಆಲ್ ಓಕೆ ಎಂದು ಹೆಸರಾದ ಅಲೋಕ್ ಮೊದಲಾದವರು ಇದನ್ನು ರೂಢಿಗೆ ತಂದಿದ್ದಾರೆ.

ನನ್ನ ಮೊಮ್ಮಗನು ಕೇಳುತ್ತಿದ್ದ ಗಾಯಕನ ಹೆಸರು ಟುಪಾಕ್ ಶಕೂರ್. 1971ರ ಜೂನ್ 16ರಂದು ಹುಟ್ಟಿದ ಈ ಕರಿಯ ಜನಾಂಗದ ಕವಿಯು 1996ರ ಸೆಪ್ಟೆಂಬರ್‌ನಲ್ಲಿ ಲಾಸ್ ವೇಗಸ್ ನಗರದಲ್ಲಿ ಗುಂಡೇಟಿಗೆ ಗುರಿಯಾಗಿ, 13ನೆಯ ತಾರೀಖಿಗೆ ತೀರಿಕೊಂಡನು. ಆಗ ಅವನಿಗೆ ಇಪ್ಪತ್ತೈದು ವರ್ಷ. ಅವನ ತಾಯಿ ಅಫೆನಿ ಶಕೂರ್ ಕರಿಯರ ಹಕ್ಕಿನ ಚಳವಳಿಯಲ್ಲಿದ್ದವಳು. ಮಗನು ಗರ್ಭದಲ್ಲಿದ್ದಾಗಲೇ ಮೊಕದ್ದಮೆ ಎದುರಿಸಿ, ಅವನು ಹುಟ್ಟುವ ಒಂದು ತಿಂಗಳ ಮೊದಲು ನಿರಪರಾಧಿಯೆಂದು ಬಿಡುಗಡೆಯಾದವಳು. ಮಗನು ಹಾಡಿ ಮುದ್ರಿಸಿಟ್ಟು ಹೊರಗೆ ಬಾರದೆ ಉಳಿದ ಹಾಡುಗಳಿಗಾಗಿ ಆಕೆ ನ್ಯಾಯಾಲಯದ ಮೆಟ್ಟಿಲು ಏರಿದಳು. ತಾನೇ ಒಂದು ಸಂಸ್ಥೆ ಕಟ್ಟಿ, 1997ರ ನವೆಂಬರ್‌ನಲ್ಲಿ ಅವನ ಹಳೆಯ ಅಪ್ರಕಟಿತ ಹಾಡುಗಳ ಜೋಡಿ ಮುದ್ರಿಕೆಯನ್ನು 'ಆರ್ ಯು ಸ್ಟಿಲ್ ಡೌನ್?' ಎಂಬ ಹೆಸರಿನಿಂದ ಹೊರತಂದಳು. ಆ ಹೆಸರಿಗೆ ಒಂದು ಬಾಲವೂ ಇದೆ. ಅದರ ಅರ್ಥ 'ನನ್ನನ್ನು ನೆನೆಯಿರಿ' ಎಂದು.

ಇದನ್ನು ಕೇಳಿದ ಕೂಡಲೇ ನನಗೆ ನೆನಪಾದದ್ದು ನಮ್ಮ ಲಾವಣಿಕಾರರು. ಅಮೇರಿಕದ ಹಾಡಿಗೂ ನಮ್ಮ ಹಾಡಿಗೂ ಬಳ್ಳಿಯ ಸಂಬಂಧವಿದೆಯೆಂದು ನಾನು ಹೇಳುವವನಲ್ಲ. ಆದರೆ ಎರಡರ ನಡೆಯೂ ಬಹಳ ಹತ್ತಿರ. ದಪ್ಪಿನ ಪೆಟ್ಟಿಗೆ ಸರಿಯಾಗಿ ಮಾತನ್ನು ಕೂಡಿಸಿ, ಪ್ರಾಸಕ್ಕೆ ಪ್ರಾಸ ಹೆಣೆದು, ಎದುರಿನ ಮೇಳವನ್ನು ಸವಾಲಿಗೆ ಕರೆಯುವುದು ನಮ್ಮ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಶಿವ ಹೆಚ್ಚೆಂದು ವಾದಿಸುವ ಹರದೇಶಿ, ಅಂದರೆ ತುರಾಯಿ ಪಕ್ಷದವರು ಒಂದು ಕಡೆ. ಶಕ್ತಿ ಹೆಚ್ಚೆಂದು ವಾದಿಸುವ ನಾಗೇಶಿ, ಅಂದರೆ ಕಲ್ಗಿ ಪಕ್ಷದವರು ಇನ್ನೊಂದು ಕಡೆ. ಅದೇ ಕಲ್ಗಿ-ತುರಾ ಮರಾಠಿ ಶಾಹೀರರಲ್ಲಿಯೂ ಇದೆ. ಗಡಿಯ ನಮ್ಮ ಊರುಗಳಲ್ಲಿ ಒಂದೇ ರಾತ್ರಿ ಎರಡೂ ಭಾಷೆಯ ಹಾಡು ಕೇಳಿದವರು ಇನ್ನೂ ಇದ್ದಾರೆ. ರ‍್ಯಾಪ್ ಹಾಡುವವನು ಹಾಡಿನೊಳಗೇ ತನ್ನ ಹೆಸರನ್ನೂ ತನ್ನ ಓಣಿಯ ಹೆಸರನ್ನೂ ಸೇರಿಸುತ್ತಾನೆಂದು ಮೊಮ್ಮಗನು ಹೇಳಿದಾಗ ನನಗೆ ನಗು ಬಂತು. ನಮ್ಮ ಲಾವಣಿಯ ಕೊನೆಯ ನುಡಿಯಲ್ಲಿಯೂ ಊರು, ಊರ ದೈವ, ಗುರು, ಕವಿ ಎಲ್ಲರೂ ಬಂದು ನಿಲ್ಲುತ್ತಾರೆ. ಕವಿಗೆ ಅದೇ ರುಜು, ಅದೇ ಹಕ್ಕುಪತ್ರ.

ಹಾಡು ಹೊರಬಾರದೆ ಉಳಿಯಲು ಕಾರಣಗಳು ಹಲವು. ಎದುರಾಳಿಯನ್ನು ಸೋಲಿಸಲು ಕಾದಿಟ್ಟ ಹಾಡನ್ನು ಅಖಾಡದ ದಿನದವರೆಗೆ ಯಾರ ಕಿವಿಗೂ ಹಾಕುತ್ತಿರಲಿಲ್ಲ. ಅಚ್ಚಿಗೆ ಕೊಡಲು ಹಣವಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣವೆಂದರೆ ಅಂಜಿಕೆ. ಸರಕಾರಕ್ಕೆ, ಸಾಹುಕಾರನಿಗೆ, ಊರಿನ ಹಿರಿಯನಿಗೆ ಅಂಜಿ ನುಂಗಿಕೊಂಡ ಹಾಡುಗಳು ಎಲ್ಲ ಕಾಲದಲ್ಲಿಯೂ ಇದ್ದವು. ಇತಿಹಾಸ ಬರೆಯುವವನಿಗೆ ಇಂಥ ಹಾಡುಗಳೇ ಹೆಚ್ಚು ಬೇಕಾದವು. ಜನರ ಮುಂದೆ ಹಾಡಿದ್ದರಲ್ಲಿ ಜನರಿಗೆ ಹಿತವಾದದ್ದು ಇರುತ್ತದೆ. ಹಾಡದೆ ಬಚ್ಚಿಟ್ಟದ್ದರಲ್ಲಿ ಆ ಕಾಲದ ಭಯವೂ ಸೇರಿರುತ್ತದೆ.

ಈ ಮಾತಿಗೆ ಹಲಗಲಿಯ ಲಾವಣಿಯೇ ಸಾಕ್ಷಿ. 1857ರಲ್ಲಿ ಕಂಪನಿ ಸರಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಕಾಯಿದೆ ತಂದಾಗ, ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲಿಲ್ಲ. ಬೇಟೆಯೇ ಬದುಕಾದವನಿಗೆ ಆಯುಧವೆಂದರೆ ಅನ್ನ. ಆ ವರ್ಷದ ನವೆಂಬರ್ ಕೊನೆಗೆ ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕ ಹಲವರನ್ನು ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಲಾಯಿತು. ಸರಕಾರದ ಕಾಗದದಲ್ಲಿ ಇದು ಒಂದು ದಂಗೆ ಅಡಗಿಸಿದ ವರದಿ ಮಾತ್ರ. ಲಾವಣಿಯಲ್ಲಿ ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಕರೆಯಬಹುದಾದ ಮನುಷ್ಯರಿದ್ದಾರೆ. ದಂಡಿನವರು ದೋಚಿದ ವಸ್ತುಗಳ ಪಟ್ಟಿಯಲ್ಲಿ ಉಪ್ಪು, ಎಣ್ಣೆ, ಬೀಸುವ ಕಲ್ಲು ಕೂಡ ಬಿಟ್ಟುಹೋಗಿಲ್ಲ. ಬಡವನ ಮನೆಯಿಂದ ಏನು ಹೋಯಿತೆಂಬುದನ್ನು ಬರೆದಿಟ್ಟ ದಾಖಲೆ ಆ ಹಾಡೊಂದೇ. ಕೊನೆಯಲ್ಲಿ ರುಜುವಾಗಿ ನಿಂತದ್ದು ಕುರ್ತಕೋಟಿಯ ಕಲ್ಮೇಶನ ಹೆಸರು.

ಆ ಹಾಡನ್ನು ಅಚ್ಚಿಗೆ ತಂದವನು ಒಬ್ಬ ಇಂಗ್ಲಿಷ್ ಅಧಿಕಾರಿ ಎಂಬುದು ವಿಚಿತ್ರವಾದರೂ ಸತ್ಯ. ಜಾನ್ ಫೇತ್‌ಫುಲ್ ಫ್ಲೀಟ್ 1867ರಲ್ಲಿ ಮುಂಬಯಿ ಇಲಾಖೆಯ ನೌಕರಿಗೆ ಬಂದವನು. 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿ, 1875ರಲ್ಲಿ ಕೊಲ್ಲಾಪುರ ಮತ್ತು ದಕ್ಷಿಣ ಮರಾಠಾ ಪ್ರಾಂತದ ಸಹಾಯಕ ಪೊಲಿಟಿಕಲ್ ಏಜೆಂಟ್, 1883ರಲ್ಲಿ ಭಾರತ ಸರಕಾರದ ಶಾಸನತಜ್ಞ. ಕಲ್ಲಿನ ಮೇಲಿನ ಅಕ್ಷರ ಓದುವ ಈ ಪಂಡಿತನು ಬಾಯಿಯ ಮೇಲಿನ ಹಾಡನ್ನೂ ಕಡೆಗಣಿಸಲಿಲ್ಲ. 1885ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅವನು ಬಿಡಿ ಬಿಡಿಯಾಗಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದನು. 1831ರ ಜನವರಿ 26ರಂದು ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣನ ಹಾಡು, ಹಲಗಲಿ ಬೇಡರ ಹಾಡು, ಸಂಗ್ಯಾನ ಹಾಡು, 1860ರಲ್ಲಿ ಬಂದ ಆದಾಯ ತೆರಿಗೆಯಿಂದ ನೊಂದವರ ಹಾಡು, ಇವೆಲ್ಲ ಅವನ ಸಂಗ್ರಹದಲ್ಲಿವೆ. ಸರಕಾರವನ್ನು ದೂರುವ ಹಾಡನ್ನು ಸರಕಾರದ ಸೇವಕನೇ ಉಳಿಸಿದನು. ಹಾಡಿದವರಿಗೆ ಅದರಿಂದ ಒಂದು ದುಡ್ಡೂ ಬರಲಿಲ್ಲ. ಆದರೆ ಹಾಡು ಉಳಿಯಿತು. ಇಂದು ಕರ್ನಾಟಕದ ಹತ್ತನೆಯ ತರಗತಿಯ ಮಕ್ಕಳು ಅದನ್ನು ಪಾಠವಾಗಿ ಓದಿದ್ದಾರೆ.

ಎರಡನೆಯ ಉದಾಹರಣೆ ನಮ್ಮವರದೇ. ವಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ, ಯಾವ ಸರಕಾರದ ಆಜ್ಞೆಯೂ ಇಲ್ಲದೆ ಮನೆಮನೆಯ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು' ಬಂತು. 1933ರಲ್ಲಿ ಲಾವಣಿಗಳ ಸಂಗ್ರಹವಾದ 'ಜೀವನ ಸಂಗೀತ' ಬಂತು. ಹೀಗೆ ಮೂರು ಬಗೆಯ ಕೈಗಳನ್ನು ನೋಡಿದ್ದೇವೆ: ಅಮೇರಿಕದಲ್ಲಿ ತಾಯಿಯ ಕೈ, ಬೆಳಗಾವಿ-ಧಾರವಾಡ ಸೀಮೆಯಲ್ಲಿ ಪರದೇಶದ ಅಧಿಕಾರಿಯ ಕೈ, ಹಲಸಂಗಿಯಲ್ಲಿ ಊರ ಗೆಳೆಯರ ಕೈ. ಚಂದಗಡದ ಮಟ್ಟಿಗೆ ಯಾವ ಕೈ ಮುಂದೆ ಬಂತು?

ಇಲ್ಲಿ ನಮ್ಮ ತಾಲ್ಲೂಕಿನ ಚರಿತ್ರೆಯನ್ನು ಸ್ವಲ್ಪ ಹೇಳಲೇಬೇಕು. 1956ರ ನವೆಂಬರ್ 1ರವರೆಗೆ ಚಂದಗಡವು ಬೆಳಗಾವಿ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯ ಕಾಯಿದೆಯು ಚಂದಗಡ ತಾಲ್ಲೂಕನ್ನು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು. ನಮ್ಮದು ಕೊಲ್ಲಾಪುರ ಜಿಲ್ಲೆಯ ಪಾಲಾಯಿತು. ಇಲ್ಲಿ ಬಹುಜನರ ಮಾತು ಮರಾಠಿಯೇ ಆಗಿದ್ದುದರಿಂದ ಅದರ ನ್ಯಾಯಾನ್ಯಾಯವನ್ನು ನಾನು ಇಲ್ಲಿ ಎತ್ತುವುದಿಲ್ಲ. ಮರಾಠಿಯ ಅನ್ನವನ್ನೂ ಉಂಡವನು ನಾನು. ಹೇಳಬೇಕಾದದ್ದು ಇಷ್ಟೇ. ಕನ್ನಡ ಮನೆಮಾತಿನ ಕುಟುಂಬಗಳಲ್ಲಿ ಅಪ್ಪನು ಕನ್ನಡ ಅಕ್ಷರ ಕಲಿತವನಾದರೆ ಮಗನು ಬಾಲಬೋಧ ಲಿಪಿ ಕಲಿತವನಾದನು. ಮನೆಯಲ್ಲಿ ಮಾತು ಉಳಿಯಿತು, ಲಿಪಿ ಹೋಯಿತು. ಅಪ್ಪನ ವಹಿಯು ಮಗನಿಗೆ ಓದಲಾರದ ಕಾಗದವಾಯಿತು. ಇದರ ಪರಿಣಾಮವನ್ನು ನಾನು ಕಣ್ಣಾರೆ ಕಂಡೆ.

1983ರ ಬೇಸಿಗೆ ಇರಬೇಕು. ನಾನು ಆಗ ಗಡಿಯ ಒಂದು ಹಳ್ಳಿಯಲ್ಲಿ ಸಹಶಿಕ್ಷಕನಾಗಿದ್ದೆ. ನನ್ನ ವಿದ್ಯಾರ್ಥಿಯೊಬ್ಬನ ಅಜ್ಜನು ಲಾವಣಿಕಾರನೆಂದು ತಿಳಿದು ಅವನ ಮನೆಗೆ ಹೋದೆ. ಅರುವತ್ತು ದಾಟಿದ ಮನುಷ್ಯ. ದನಿ ಮಾತ್ರ ಗಂಟೆಯಂತೆ. ಚಹಾ ಆದ ಮೇಲೆ ಒಂದು ತಗಡಿನ ಟ್ರಂಕು ತೆಗೆದು ಮೂರು ವಹಿಗಳನ್ನು ನನ್ನ ಮುಂದೆ ಇಟ್ಟನು. ಎರಡರಲ್ಲಿದ್ದವು ಹಾಡಿ ಹಾಡಿ ಹಳೆಯದಾದ ಹಾಡುಗಳು. ಮೂರನೆಯದನ್ನು ತೋರಿಸಿ, "ಮಾಸ್ತರ್ರ, ಇವು ಇನ್ನೂ ಅಖಾಡಕ್ಕ ಇಳಿದಿಲ್ಲರಿ" ಎಂದನು.

ಅದರಲ್ಲಿ ಒಂದನ್ನು ಅವನು ಬಾಗಿಲು ಮುಂದೆ ಮಾಡಿ, ಮೆಲುದನಿಯಲ್ಲಿ ನನಗೆ ಹಾಡಿ ಕೇಳಿಸಿದನು. 1972ರ ಬರದ ಹಾಡು ಅದು. ಮೂಡಲ ಸೀಮೆಯಲ್ಲಿ ಹೊಲ ಒಣಗಿ, ಗಂಡಸರು ಹೆಂಗಸರೆನ್ನದೆ ಬರಗಾಲ ಕಾಮಗಾರಿಯ ಖಡಿ ಒಡೆದದ್ದು, ಪರದೇಶದ ಕೆಂಪು ಜೋಳದ ರೊಟ್ಟಿ ತಟ್ಟಿದರೆ ಮುರಿಯುತ್ತಿದ್ದುದು, ಮಕ್ಕಳಿಗೆ ಸುಕಡಿ ಹಂಚಿದ್ದು, ಇವೆಲ್ಲ ಅದರಲ್ಲಿದ್ದವು. ಜೊತೆಗೆ ಹಜೇರಿ ಪುಸ್ತಕದಲ್ಲಿ ಸತ್ತವರ ಹೆಸರಿಗೂ ಕೂಲಿ ಬರೆದು ಎತ್ತಿಕೊಂಡವನ ಮಾತೂ ಇತ್ತು. ಇದನ್ನು ಯಾಕೆ ಹಾಡಲಿಲ್ಲವೆಂದು ಕೇಳಿದೆ. "ಹ್ಯಾಂಗ ಹಾಡಲಿ ಮಾಸ್ತರ್ರ? ಹಜೇರಿ ಬರದಾಂವ ಮುಂದಿನ ಸಾಲಿನ್ಯಾಗ ಕುಂದರತಾನು. ಅಂವ ನಮ್ಮ ಬೀಗರ ಪೈಕಿ. ಹಾಡಿದರ ಹಗಿ, ಹಾಡದಿದ್ದರ ಹೊಟ್ಟ್ಯಾಗ ಕಿಚ್ಚು" ಎಂದು ವಹಿಯನ್ನು ಮುಚ್ಚಿದನು.

ನಕಲು ಮಾಡಿಕೊಳ್ಳಲೇ ಎಂದು ಕೇಳಿದೆ. ಸುಗ್ಗಿ ಮುಗಿದ ಮೇಲೆ ಬರ್ರಿ, ನಾನೇ ಬರಿಸತೀನಿ ಎಂದನು. ಸುಗ್ಗಿ ಮುಗಿಯಿತು. ಪರೀಕ್ಷೆ ಬಂತು, ಜನಗಣತಿಯಂಥ ಸರಕಾರಿ ಕೆಲಸ ಬಂತು, ಆಮೇಲೆ ನನ್ನ ವರ್ಗಾವಣೆಯ ಆದೇಶ ಬಂತು. ಮಕ್ಕಳಿಗೆ 'ನಾಳೆ ಮಾಡುವೆನೆನ್ನಬೇಡ' ಎಂದು ಹಲಗೆಯ ಮೇಲೆ ಬರೆಯುತ್ತಿದ್ದ ನಾನೇ ನಾಳೆ ನಾಡಿದ್ದು ಎನ್ನುತ್ತ ಎಂಟು ವರ್ಷ ಕಳೆದೆ. 1991ರಲ್ಲಿ ಒಂದು ಮದುವೆಯ ನೆಪದಿಂದ ಆ ಊರಿಗೆ ಹೋದಾಗ ಅಜ್ಜನು ಇರಲಿಲ್ಲ. ಮಗನು ಟ್ರಂಕನ್ನು ತೆರೆದು ತೋರಿಸಿದನು. ನಮ್ಮ ಚಂದಗಡದ ಮಳೆಯನ್ನು ಬಲ್ಲವರಿಗೆ ನಾನು ವಿವರಿಸಬೇಕಾಗಿಲ್ಲ. ಹೆಂಚು ಸರಿದು ಸೋರಿದ ನೀರು ಟ್ರಂಕಿನ ತಳದಲ್ಲಿ ನಿಂತಿತ್ತು. ತಳದಲ್ಲಿದ್ದದ್ದು ಮೂರನೆಯ ವಹಿ. ಬಹಳ ಜೋಪಾನ ಮಾಡಬೇಕೆಂದು ಎಲ್ಲದರ ಅಡಿಯಲ್ಲಿ ಇಟ್ಟಿದ್ದರಂತೆ. ಹಾಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಮಸಿಯು ನೀಲಿಯ ಕಲೆಯಾಗಿ ಹರಡಿತ್ತು.

ಮಗನಿಗೆ ಕನ್ನಡ ಲಿಪಿ ಬರುತ್ತಿರಲಿಲ್ಲ. ಆದರೆ ಹಿಮ್ಮೇಳದಲ್ಲಿ ನಿಂತವನಾದ್ದರಿಂದ ಅಪ್ಪನು ಮನೆಯಲ್ಲಿ ಗುನುಗುತ್ತಿದ್ದುದು ಅವನ ಕಿವಿಯಲ್ಲಿತ್ತು. ನೆನಪಾದಷ್ಟನ್ನು ಬಾಲಬೋಧ ಅಕ್ಷರದಲ್ಲಿ ಬರೆದಿಟ್ಟಿದ್ದನು: ಮಾತು ಕನ್ನಡ, ಅಕ್ಷರ ಮರಾಠಿ. ಬರದ ಹಾಡಿನ ಮೂರು ನುಡಿ ಅದರಲ್ಲಿ ಇವೆ. ಕೊನೆಯ ನುಡಿ ಇಲ್ಲ. ಲಾವಣಿಯ ಕೊನೆಯ ನುಡಿಯಲ್ಲಿ ಏನಿರುತ್ತದೆಂದು ಮೇಲೆಯೇ ಹೇಳಿದ್ದೇನೆ. ಹೋದದ್ದು ಕವಿಯ ರುಜು.

ಅಪ್ರಕಟಿತ ಹಾಡುಗಳನ್ನು ಪ್ರಕಟಿಸುವವರು ಎದುರಿಸಬೇಕಾದ ಪ್ರಶ್ನೆಗಳೂ ಇವೆ. ಕವಿಯು ತಾನಾಗಿ ಬಚ್ಚಿಟ್ಟದ್ದನ್ನು ನಾವು ಹೊರಗೆ ತರಬಹುದೇ? ಟುಪಾಕನ ವಿಷಯದಲ್ಲಿಯೂ ಈ ತಕರಾರು ಇದೆಯೆಂದು ಮೊಮ್ಮಗನು ಹೇಳಿದನು. ಮುಂದಿನ ಮರಣೋತ್ತರ ಸಂಗ್ರಹಗಳಲ್ಲಿ ಅವನ ಹಳೆಯ ದನಿಗೆ ಬೇರೆಯವರು ಹೊಸ ವಾದ್ಯ ಕೂಡಿಸಿದ್ದಾರೆ. ಅದನ್ನು ಅವನು ಒಪ್ಪುತ್ತಿದ್ದನೇ ಎಂದು ಕೇಳುವವರಿದ್ದಾರೆ. ನಮ್ಮಲ್ಲಿಯೂ ಸಂಪಾದಕರು ಲಾವಣಿಯ ಆಡುಮಾತನ್ನು ತಿದ್ದಿ ಪುಸ್ತಕದ ಮಾತು ಮಾಡುವುದುಂಟು. ನನ್ನ ಅಭಿಪ್ರಾಯ ಹೀಗಿದೆ. ಹಾಡುವುದು ಬೇರೆ, ಕಾಪಾಡುವುದು ಬೇರೆ. ಬೀಗತನ ಕೆಡಬಾರದೆಂದು ಕವಿಯು ಅಂದು ಹಾಡಲಿಲ್ಲ. ಆದರೆ ಹರಿದು ಒಗೆಯಲೂ ಇಲ್ಲ. ಬರೆದಿಟ್ಟನು, ಒಬ್ಬ ಮಾಸ್ತರನಿಗೆ ಬಾಗಿಲು ಮುಂದೆ ಮಾಡಿ ಕೇಳಿಸಿದನು. ಮುಂದೆ ಯಾರಾದರೂ ಕೇಳಲಿ ಎಂಬ ಆಸೆ ಅದರಲ್ಲಿತ್ತೆಂದು ನಾನು ತಿಳಿಯುತ್ತೇನೆ. ಆದ್ದರಿಂದ ಹಾಡನ್ನು ಉಳಿಸಬೇಕು. ಅವನ ಮಾತನ್ನು ತಿದ್ದಬಾರದು. ಹಾಡಿನಲ್ಲಿ ಹಳಿಸಿಕೊಂಡವನ ಮಕ್ಕಳು ಮೊಮ್ಮಕ್ಕಳು ಇಂದು ನಮ್ಮ ನಡುವೆ ಬಾಳುತ್ತಿರುವುದರಿಂದ ಅಚ್ಚಿನಲ್ಲಿ ಆ ಹೆಸರನ್ನು ಬಿಡಬೇಕು. ಫ್ಲೀಟನು ದೂರದವನು, ಅವನಿಗೆ ಈ ತೊಡಕು ಇರಲಿಲ್ಲ. ನಾವು ಇದೇ ಊರುಗಳಲ್ಲಿ ಬದುಕಬೇಕಾದವರು.

ಕಳೆದ ಚೌತಿಯ ಮರುವಾರ ಮೊಮ್ಮಗನನ್ನು ಕರೆದುಕೊಂಡು ಆ ಮನೆಗೆ ಹೋಗಿದ್ದೆ. ಹಿಮ್ಮೇಳದ ಆ ಮಗನಿಗೂ ಈಗ ಎಪ್ಪತ್ತರ ಹತ್ತಿರ. ಹಲ್ಲು ಹೋಗಿವೆ, ತಾಳ ಹೋಗಿಲ್ಲ. ಹುಡುಗನು ಮೊಬೈಲನ್ನು ಮುಂದಿಟ್ಟು ಮೂರು ನುಡಿಯನ್ನೂ ಮುದ್ರಿಸಿಕೊಂಡನು. ಮುಗಿದ ಮೇಲೆ, "ಅಜ್ಜಾ, ಇದು ಖರೇನ ರ‍್ಯಾಪ್ ಅದ" ಎಂದನು. ಇರಲಿ, ಹಾಗೆಯೇ ತಿಳಿಯಲಿ. ಅವನು ಅದನ್ನು ಎರಡು ಸಲ ಮತ್ತೆ ಕೇಳಿದನು, ನನಗೆ ಅಷ್ಟು ಸಾಕು. ಫ್ಲೀಟನ ಕಾಲದಲ್ಲಿ ಇಲ್ಲದ ಸಾಧನ ಇಂದು ಪ್ರತಿಯೊಬ್ಬರ ಕಿಸೆಯಲ್ಲಿದೆ. ಹಲಸಂಗಿಯ ಗೆಳೆಯರಿಗೆ ಇದ್ದ ಮನಸ್ಸು ಮಾತ್ರ ಬೇಕಾಗಿದೆ.

ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಇದೆ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ, ದೇವರ ಗೂಡಿನಲ್ಲಿ ಹಾಡಿನ ವಹಿಗಳಿದ್ದರೆ ಈ ಮಳೆಗಾಲಕ್ಕೆ ಮೊದಲೇ ಹೊರಗೆ ತೆಗೆಯಿರಿ. ಓದಲು ಬಾರದಿದ್ದರೆ ಓದಬಲ್ಲ ಹಿರಿಯರಿಗೆ ತೋರಿಸಿರಿ. ಹಾಳೆಯ ಚಿತ್ರ ತೆಗೆದುಕೊಳ್ಳಿರಿ. ಕೊನೆಯ ನುಡಿಯನ್ನು ಮೊದಲು ನಕಲು ಮಾಡಿರಿ, ಏಕೆಂದರೆ ಹೆಸರು ಇರುವುದು ಅಲ್ಲಿಯೇ.

ಬರದ ಹಾಡಿನ ಮೂರು ನುಡಿಗಳನ್ನು ನಾನು ಬಾಲಬೋಧದಿಂದ ಕನ್ನಡ ಅಕ್ಷರಕ್ಕೆ ಇಳಿಸಿ ಒಂದು ಹೊಸ ವಹಿಯಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ಹಾಳೆಯನ್ನು ಖಾಲಿ ಬಿಟ್ಟಿದ್ದೇನೆ. 1983ರಲ್ಲಿ ಆ ಕೊನೆಯ ನುಡಿಯನ್ನು ನಾನು ಕಿವಿಯಾರೆ ಕೇಳಿದ್ದೆ. ಧಾಟಿ ನೆನಪಿದೆ, ಮಾತು ನೆನಪಿಲ್ಲ. ಮೂಡಲ ಸೀಮೆಯ ಹಿರಿಯರಲ್ಲಿ ಯಾರಿಗಾದರೂ ಕೆಂಪು ಜೋಳದ, ಖಡಿ ಒಡೆಯುವ ಆ ಹಾಡು ನೆನಪಿದ್ದರೆ ದಯವಿಟ್ಟು ಸಂಘದ ಕಚೇರಿಗೆ ಬಂದು ತಿಳಿಸಬೇಕು. ವಹಿಯನ್ನು ಸಮ್ಮೇಳನದ ಎರಡು ದಿನವೂ ಅಲ್ಲಿಯೇ ಮೇಜಿನ ಮೇಲೆ ಇಟ್ಟಿರುತ್ತೇನೆ.